ಹಗಲು ಅಡಗಿ, ರಾತ್ರಿ ಕೂಗುವ ಬೆಕ್ಕು

ಹೊಸದಾಗಿ ಮನೆಗೆ ತಂದ ಬೆಕ್ಕು ಹಗಲೆಲ್ಲ ಮಂಚದಡಿ ಅಡಗಿರುತ್ತದೆ, ಯಾರೂ ಇಲ್ಲದಾಗ ಮಾತ್ರ ತಿನ್ನುತ್ತದೆ, ರಾತ್ರಿ ಕೂಗುತ್ತ ಅಲೆಯುತ್ತದೆ, ಏನು ಮಾಡಲಿ ಎಂದು ನೀವು ಬರೆದು ಕೇಳಿದ್ದೀರಿ. ಈ ಮೂರಕ್ಕೂ ಬಹುಮಟ್ಟಿಗೆ ಹೊಸ ಜಾಗದ ಭಯವೇ ಕಾರಣ. ಪರಿಚಿತ ವಾಸನೆಯೊಂದೂ ಇಲ್ಲದ ಮನೆಯಲ್ಲಿ ಬೆಕ್ಕು ಮೊದಲು ಅಡಗುತ್ತದೆ, ಸದ್ದಡಗಿದ ಮೇಲಷ್ಟೇ ಸುತ್ತ ಏನಿದೆಯೆಂದು ನೋಡಲು ಹೊರಡುತ್ತದೆ.

ಮೊದಲು ಅದರ ಓಡಾಟವನ್ನು ಒಂದೇ ಕೋಣೆಗೆ ಸೀಮಿತಗೊಳಿಸಿ, ಅಡಗಲು ರಟ್ಟಿನ ಪೆಟ್ಟಿಗೆಯೊಂದನ್ನು ಮಗ್ಗುಲಾಗಿಸಿ ಇಡಿ, ಮಲಮೂತ್ರದ ತಟ್ಟೆಯನ್ನು ಊಟ-ನೀರಿನಿಂದ ದೂರವಿರಿಸಿ. ಹಿಂದಿನ ಮನೆಯ ಹೊದಿಕೆ ಸಿಕ್ಕರೆ ಒಗೆಯದೆ ಹಾಗೆಯೇ ಹಾಸಿ. ಆ ವಾಸನೆಯೇ ಈಗ ಅದಕ್ಕಿರುವ ದೊಡ್ಡ ಆಸರೆ. ಬಳಿಕ ದಿನವೂ ಸ್ವಲ್ಪ ಹೊತ್ತು ನೆಲದ ಮೇಲೆ ಕುಳಿತು, ಅದನ್ನು ದಿಟ್ಟಿಸದೆ, ಮೆಲುದನಿಯಲ್ಲಿ ಮಾತನಾಡಿ, ನಿಧಾನವಾಗಿ ಕಣ್ಣು ಮುಚ್ಚಿ ತೆರೆಯಿರಿ. ಎಳೆದು ಹೊರತೆಗೆಯುವುದು ಮಾತ್ರ ಖಂಡಿತ ಬೇಡ. ಕೆಲವು ಬೆಕ್ಕುಗಳು ಎರಡು-ಮೂರು ದಿನಗಳಲ್ಲಿ ಹೊರಬಂದರೆ, ಕೆಲವಕ್ಕೆ ವಾರಗಳೇ ಬೇಕಾಗುತ್ತವೆ.

ಸಂತಾನಹರಣ ಚಿಕಿತ್ಸೆ ಆಗಿದೆಯೇ ಎಂಬುದನ್ನು ನೀವು ಬರೆದಿಲ್ಲ; ಆಗಿರದಿದ್ದರೆ ರಾತ್ರಿಯ ಆ ಕೂಗು ಬೆದೆಯದೂ ಆಗಿರಬಹುದು, ಪಶುವೈದ್ಯರನ್ನು ಕೇಳಿ. 24 ಗಂಟೆ ಏನನ್ನೂ ತಿನ್ನದಿದ್ದರೆ ಅವರಿಗೆ ತೋರಿಸಲೇಬೇಕು, ಏಕೆಂದರೆ ಉಪವಾಸ ಮುಂದುವರಿದರೆ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಅಪಾಯವಾಗಬಹುದು. ಗಂಡು ಬೆಕ್ಕಾಗಿದ್ದು, ಮೂತ್ರ ಬಾರದೆ ತಿಣುಕುತ್ತಿದ್ದರೆ ಅಷ್ಟೂ ಕಾಯದೆ ತಕ್ಷಣವೇ ಕರೆದೊಯ್ಯಿರಿ.