ಕ್ಯಾಲ್ಸಿಯಂ ಹೆಚ್ಚು, ರಕ್ತ ಕಡಿಮೆ: ಪ್ಯಾರಾಥೈರಾಯ್ಡ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಅವ್ವನಿಗೆ 52 ವರ್ಷ. ಹಿಮೋಗ್ಲೋಬಿನ್ 8.4ಕ್ಕೇ ನಿಂತಿದೆ, ಮೂರು ತಿಂಗಳು ಐರನ್ ಮಾತ್ರೆ ನುಂಗಿದರೂ ಏರಲಿಲ್ಲ. ಸೊಂಟ, ತೊಡೆಯ ಎಲುಬು ನೋಯುತ್ತವೆ. ಈಗ ಕ್ಯಾಲ್ಸಿಯಂ 11.8, ಪಿಟಿಎಚ್ 640, ಅಲ್ಕಲೈನ್ ಫಾಸ್ಫಟೇಸ್ 780 ಬಂದಿದೆ. ಥೈರಾಯ್ಡ್ ನಾರ್ಮಲ್. ಪ್ಯಾರಾಥೈರಾಯ್ಡ್ ಆಪರೇಷನ್ ಮಾಡಿಸಿ ಎನ್ನುತ್ತಾರೆ. ರಕ್ತ ಕಡಿಮೆಯಾಗುವುದಕ್ಕೂ ಕುತ್ತಿಗೆಗೂ ಏನು ಸಂಬಂಧ?
- ಆಳಂದದ ಓದುಗರು

ಉತ್ತರ: ನೇರ ಸಂಬಂಧ ಇದೆ. ಥೈರಾಯ್ಡಿನ ಹಿಂಬದಿಗೆ ಅಂಟಿಕೊಂಡು ತೊಗರಿ ಕಾಳಿನಷ್ಟು ದೊಡ್ಡ ನಾಲ್ಕು ಗ್ರಂಥಿಗಳಿರುತ್ತವೆ. ಇವೇ ಪ್ಯಾರಾಥೈರಾಯ್ಡ್. ರಕ್ತದ ಕ್ಯಾಲ್ಸಿಯಂ ಹತೋಟಿಯಲ್ಲಿಡುವ ಪಿಟಿಎಚ್ ಎಂಬ ಹಾರ್ಮೋನು ಸುರಿಸುವುದು ಇವುಗಳ ಕೆಲಸ, ಥೈರಾಯ್ಡಿನ ಕೆಲಸವೇ ಬೇರೆ. ಹಾಗಾಗಿ ಥೈರಾಯ್ಡ್ ಪರೀಕ್ಷೆಯಾದ ಟಿಎಸ್‌ಎಚ್ ನಾರ್ಮಲ್ ಬಂದರೆ ಇವುಗಳ ಬಗ್ಗೆ ಏನೂ ತಿಳಿಯುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಏರಿದರೆ ಪಿಟಿಎಚ್ ತಾನಾಗಿ ಇಳಿಯಬೇಕು. ನಿಮ್ಮ ತಾಯಿಯವರಲ್ಲಿ ಎರಡೂ ಏರಿವೆ, ಅಂದರೆ ಗ್ರಂಥಿಯೇ ಹಿಡಿತ ತಪ್ಪಿದೆ. ಇಂಥವರಲ್ಲಿ ಸುಮಾರು 85 ಶೇಕಡಾ ಮಂದಿಗೆ ನಾಲ್ಕರಲ್ಲಿ ಒಂದೇ ಗ್ರಂಥಿ ಗಂಟಾಗಿರುತ್ತದೆ.

ಪಿಟಿಎಚ್ ವರ್ಷಗಟ್ಟಲೆ ಹೆಚ್ಚಿದ್ದರೆ ಎಲುಬು ಸವೆಯುತ್ತದೆ, ಒಳಗಿನ ಮಜ್ಜೆಯಲ್ಲಿ ನಾರು ಬೆಳೆಯುತ್ತದೆ. ರಕ್ತಕಣ ಹುಟ್ಟುವ ಜಾಗವೇ ಕಿರಿದಾಗುತ್ತದೆ. ಈ ರಕ್ತಹೀನತೆಯಲ್ಲಿ ಕಣಗಳ ಗಾತ್ರ ಸಾಮಾನ್ಯವಾಗಿರುತ್ತದೆ, ಎಂಸಿವಿ 80ರಿಂದ 100ರೊಳಗೆ. ಐರನ್ ಇದನ್ನು ಸರಿಪಡಿಸಲಾರದು. ಆದರೆ ನಮ್ಮ ಭಾಗದ ಹೆಣ್ಣುಮಕ್ಕಳಲ್ಲಿ ನಿಜವಾದ ಕಬ್ಬಿಣಾಂಶದ ಕೊರತೆಯೂ ಜೊತೆಗಿರಬಹುದು. ಫೆರಿಟಿನ್ (ದೇಹದ ಕಬ್ಬಿಣಾಂಶದ ಸಂಗ್ರಹ), ಬಿ12, ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ) ಮಾಡಿಸಿ. ಫೆರಿಟಿನ್ ಕಡಿಮೆ ಇದ್ದರೆ ಐರನ್ ಬಿಡಬೇಡಿ. ಕ್ರಿಯಾಟಿನಿನ್ ಏರಿದ್ದರೆ ಮೂತ್ರಪಿಂಡವೂ ರಕ್ತಹೀನತೆಗೆ ಕಾರಣವಾಗಿರಬಹುದು.

ರಕ್ತಹೀನತೆ, ಎಲುಬು ನೋವು, ಹೆಚ್ಚಿದ ಕ್ಯಾಲ್ಸಿಯಂ ಮೂರೂ ಮಲ್ಟಿಪಲ್ ಮೈಲೋಮಾ ಎಂಬ ಕ್ಯಾನ್ಸರಿನಲ್ಲೂ ಕಾಣುತ್ತವೆ. ಅಲ್ಲಿ ಪಿಟಿಎಚ್ ಇಳಿದಿರುತ್ತದೆ, ನಿಮ್ಮ ತಾಯಿಯವರದು 640. ಆದ್ದರಿಂದ ಆ ಭಯ ಬಹುಮಟ್ಟಿಗೆ ದೂರ. ಬಿಳಿ ರಕ್ತಕಣ ಅಥವಾ ಪ್ಲೇಟ್‌ಲೆಟ್ ಕೂಡ ಇಳಿದಿದ್ದರೆ ಮಾತ್ರ ರಕ್ತರೋಗ ತಜ್ಞರನ್ನು ನೋಡಿ.

ಆಪರೇಷನ್ ತಡಮಾಡಬೇಡಿ. ಗಂಟು ತೆಗೆದ ಮೇಲೆ ಮಜ್ಜೆಯ ನಾರು ಕರಗಿ, ಹಿಮೋಗ್ಲೋಬಿನ್ ಏರಲು ತಿಂಗಳುಗಳೇ ಹಿಡಿಯುತ್ತವೆ. ಅದಕ್ಕೂ ಮೊದಲು, ಆಪರೇಷನ್ ಆದ 2ರಿಂದ 4ನೇ ದಿನದೊಳಗೆ, ಇನ್ನೊಂದು ಅಪಾಯ ಇದೆ. ಹಸಿದ ಎಲುಬುಗಳು ಕ್ಯಾಲ್ಸಿಯಂ ಹೀರಿಕೊಂಡು ರಕ್ತದಲ್ಲಿ ಅದು ದಿಢೀರನೆ ಕುಸಿಯುತ್ತದೆ. ಎಲುಬು ಜೋರಾಗಿ ಸವೆಯುವಾಗ ಏರುವ ಅಲ್ಕಲೈನ್ ಫಾಸ್ಫಟೇಸ್ 780 ಇರುವವರಿಗೆ ಈ ಸಾಧ್ಯತೆ ಹೆಚ್ಚು. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆನ್ನುವುದು, ಕೈ ಸೆಟೆದುಕೊಳ್ಳುವುದು ಕಂಡರೆ ಕೂಡಲೇ ವೈದ್ಯರಿಗೆ ಹೇಳಿ. ಬಿಡುಗಡೆಯ ಮುನ್ನ ಕ್ಯಾಲ್ಸಿಯಂ, ಕ್ಯಾಲ್ಸಿಟ್ರಿಯಾಲ್ (ವಿಟಮಿನ್ ಡಿಯ ಸಕ್ರಿಯ ರೂಪ) ಎಷ್ಟು, ಯಾವಾಗ ಎಂದು ಬರೆಸಿಕೊಳ್ಳಿ.

ಪ್ರಶ್ನೆ: ಒಂದೇ ದಿನ ಎರಡು ಲ್ಯಾಬಿನಲ್ಲಿ ಕ್ಯಾಲ್ಸಿಯಂ 11.4 ಮತ್ತು 6.2! ಯಾವುದನ್ನು ನಂಬಬೇಕು?
- ಬೀದರ್ ಓದುಗರು

ಉತ್ತರ: 6.2 ಬಂದ ವರದಿಯಲ್ಲಿ ಪೊಟ್ಯಾಸಿಯಂ ನೋಡಿ. ಅದು ವಿಪರೀತ ಏರಿದ್ದು, ಅಲ್ಕಲೈನ್ ಫಾಸ್ಫಟೇಸ್ ಇಳಿದಿದ್ದರೆ ಸ್ಯಾಂಪಲ್ ಕೆಟ್ಟಿದೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ ಪೊಟ್ಯಾಸಿಯಂ ಇಡಿಟಿಎ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಆ ಟ್ಯೂಬಿನ ರಕ್ತ ಬೇರೆ ಟ್ಯೂಬಿಗೆ ಸುರಿದರೆ ಹೀಗಾಗುತ್ತದೆ. ಕ್ಯಾಲ್ಸಿಯಂಗೆ ಕೆಂಪು ಅಥವಾ ಹಳದಿ ಮುಚ್ಚಳದ ಟ್ಯೂಬಿನಲ್ಲಿ ಮೊದಲು ತೆಗೆದು, ನೇರಳೆಯದು ಅದರ ನಂತರ ತೆಗೆಯಬೇಕು. ತೋಳಿಗೆ ಕಟ್ಟುವ ಪಟ್ಟಿ ಒಂದು ನಿಮಿಷಕ್ಕಿಂತ ಹೆಚ್ಚು ಬಿಗಿಯಾಗಿರಬಾರದು, ಇಲ್ಲವಾದರೆ ಕ್ಯಾಲ್ಸಿಯಂ ಸುಳ್ಳಾಗಿ ಏರುತ್ತದೆ.

ರಕ್ತದ ಪ್ರೋಟೀನಾದ ಆಲ್ಬುಮಿನ್ ಎಷ್ಟಿದೆ ಎಂದು ನೋಡದೆ ಕ್ಯಾಲ್ಸಿಯಂ ಓದಬೇಡಿ. 4ರಿಂದ ಆಲ್ಬುಮಿನ್ ಕಳೆದು, ಬಂದುದನ್ನು 0.8ರಿಂದ ಗುಣಿಸಿ, ಕ್ಯಾಲ್ಸಿಯಂಗೆ ಕೂಡಿಸಿ. ಕ್ಯಾಲ್ಸಿಯಂ 10.2, ಆಲ್ಬುಮಿನ್ 2.5 ಇದ್ದರೆ ಲೆಕ್ಕ 11.4ಕ್ಕೆ ಬರುತ್ತದೆ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಲ್ಯಾಬಿಗೆ ತಿಳಿಸಿ. ಕೆಲವು ಯಂತ್ರಗಳಲ್ಲಿ ಅದು ಪಿಟಿಎಚ್ ಅನ್ನು ಕಡಿಮೆ ತೋರಿಸುತ್ತದೆ.

ಪ್ರಶ್ನೆ: ನಮ್ಮ ಅಣ್ಣನಿಗೆ ಡಯಾಲಿಸಿಸ್ ನಡೆದಿದೆ. ಪಿಟಿಎಚ್ 900. ರಕ್ತ ಹೆಚ್ಚಿಸುವ ಇಂಜೆಕ್ಷನ್ ಕೊಟ್ಟರೂ ಹಿಮೋಗ್ಲೋಬಿನ್ ಏರುತ್ತಿಲ್ಲ.
- ಯಾದಗಿರಿ ಓದುಗರು

ಉತ್ತರ: ಇಲ್ಲಿ ಮೂಲ ಮೂತ್ರಪಿಂಡದಲ್ಲಿದೆ. ರಂಜಕ ಏರಿ, ಕ್ಯಾಲ್ಸಿಯಂ ಇಳಿದು ನಾಲ್ಕೂ ಗ್ರಂಥಿ ಊದುತ್ತವೆ. ಈ ಸ್ಥಿತಿಯಲ್ಲಿ ಇಂಜೆಕ್ಷನ್ನಿನ ಫಲ ಕುಂದಬಹುದು. ಮೊದಲು ಫೆರಿಟಿನ್, ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ (ಇವೆರಡೂ ಕಬ್ಬಿಣಾಂಶದ ಪರೀಕ್ಷೆಗಳು) ಮಾಡಿಸಿ, ಸೋಂಕು ಇದೆಯೇ ಎಂದೂ ನೋಡಿಸಿ. ರಂಜಕ ತಡೆಯುವ ಮಾತ್ರೆ ಊಟದೊಂದಿಗೇ ನುಂಗಬೇಕು, ಹೊಟ್ಟೆ ಖಾಲಿ ಇದ್ದಾಗ ನುಂಗಿದರೆ ವ್ಯರ್ಥ.

ಪ್ರಶ್ನೆ: ಕ್ಯಾಲ್ಸಿಯಂ ಹೆಚ್ಚಿದೆ ಎಂದು ಹಾಲು, ಮೊಸರು ಬಿಡಬೇಕೇ?
- ಸೇಡಂ ಓದುಗರು

ಉತ್ತರ: ಬೇಡ. ಊಟದ ಕ್ಯಾಲ್ಸಿಯಂ ತೀರ ಕಡಿಮೆಯಾದರೆ ಪಿಟಿಎಚ್ ಇನ್ನಷ್ಟು ಏರುತ್ತದೆ. ನೀರು ಮಾತ್ರ ಕಡಿಮೆಯಾಗಬಾರದು. ನಮ್ಮ ಬೇಸಿಗೆಯ 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ವಾಂತಿ, ಭೇದಿಯೂ ಸೇರಿದರೆ ಕ್ಯಾಲ್ಸಿಯಂ ಒಮ್ಮೆಲೇ ಏರಬಹುದು. ಬಿಪಿಗೆ ಥಯಾಜೈಡ್ ಎಂಬ ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ ಅದೂ ಕ್ಯಾಲ್ಸಿಯಂ ಏರಿಸುತ್ತದೆ, ವೈದ್ಯರನ್ನು ಕೇಳಿ ಬದಲಿಸಿ. ಕ್ಯಾಲ್ಸಿಯಂ 14 ದಾಟಿದ್ದರೆ, ಅಥವಾ ಮಾತು ತಡವರಿಸಿ ಮಂಪರು ಕವಿದರೆ, ಆಸ್ಪತ್ರೆಗೆ ಸೇರಿಸಿ ಸಲೈನ್ ಹಚ್ಚಿಸಬೇಕಾಗುತ್ತದೆ.