ಹಕ್ಕಿಗೆ ಎಷ್ಟು ಎಂಎಂ ಲೆನ್ಸ್ ಬೇಕು?
ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನದು ಎಪಿಎಸ್-ಸಿ ಎಂಬ ಮಧ್ಯಮ ಅಳತೆಯ ಸೆನ್ಸರಿನ ಕ್ಯಾಮೆರಾ. ಜೊತೆಗೆ ಬಂದ 55–250 ಎಂಎಂ ಲೆನ್ಸಿನಲ್ಲಿ ಹಕ್ಕಿಗಳು ಚುಕ್ಕೆಯಷ್ಟೇ ಕಾಣುತ್ತವೆ. 100–400 ಕೊಳ್ಳಲೋ, 150–600 ಕೊಳ್ಳಲೋ?

ಉತ್ತರ: ಕೊಳ್ಳುವ ಮೊದಲು ಒಂದು ಸಣ್ಣ ಲೆಕ್ಕ ಹಾಕಿ. ಹಕ್ಕಿಯ ಉದ್ದವನ್ನು ಲೆನ್ಸಿನ ಮೇಲಿರುವ ಎಂಎಂ ಸಂಖ್ಯೆಯಿಂದ, ಅಂದರೆ ಫೋಕಲ್ ಲೆಂತ್‌ನಿಂದ ಗುಣಿಸಿ, ಹಕ್ಕಿ ಇರುವ ದೂರದಿಂದ ಭಾಗಿಸಿ. ಮೂರನ್ನೂ ಮಿಲಿಮೀಟರಿನಲ್ಲೇ ಹಿಡಿದರೆ, ಸೆನ್ಸರಿನ ಮೇಲೆ ಬೀಳುವ ಬಿಂಬ ಹೆಚ್ಚುಕಡಿಮೆ ಎಷ್ಟು ಉದ್ದ ಎಂಬುದು ಸಿಗುತ್ತದೆ. 15 ಸೆಂ.ಮೀ. ಉದ್ದದ ಗುಬ್ಬಿ 10 ಮೀಟರ್ ದೂರದಲ್ಲಿ ಕೂತಿದೆ ಅನ್ನಿ. 250ರಲ್ಲಿ ಬಿಂಬ 3.75 ಮಿ.ಮೀ., 400ರಲ್ಲಿ 6, 600ರಲ್ಲಿ 9. ನಿಮ್ಮ ಸೆನ್ಸರಿನ ಅಗಲ ಸುಮಾರು 23 ಮಿ.ಮೀ. ಅಂದರೆ 250ರಲ್ಲಿ ಗುಬ್ಬಿ ಫ್ರೇಮಿನ ಆರನೇ ಒಂದು ಭಾಗ, 400ರಲ್ಲಿ ಕಾಲು ಭಾಗ, 600ರಲ್ಲಿ ಐದರಲ್ಲಿ ಎರಡು ಭಾಗ.

ಈಗ ಅದೇ ಗುಬ್ಬಿ 5 ಮೀಟರಿಗೆ ಬರಲಿ. ನಿಮ್ಮ ಹಳೆಯ 250ರಲ್ಲೇ ಬಿಂಬ 7.5 ಮಿ.ಮೀ. ಆಗುತ್ತದೆ, 10 ಮೀಟರಿನಲ್ಲಿ 400 ಕೊಟ್ಟದ್ದಕ್ಕಿಂತ ದೊಡ್ಡದು. ದೂರ ಅರ್ಧವಾದರೆ ಲೆನ್ಸ್ ದುಪ್ಪಟ್ಟಾದಂತೆಯೇ. ಹಕ್ಕಿ ಪದೇ ಪದೇ ಬಂದು ಕೂರುವ ಕೊಂಬೆಯನ್ನು ಗುರುತಿಸಿ, ಮರೆಯಲ್ಲಿ ಅಲುಗಾಡದೆ ಕೂರುವುದನ್ನು ಕಲಿತರೆ ಯಾವ ಲೆನ್ಸ್ ಆದರೂ ಉದ್ದವಾಗುತ್ತದೆ. ಗೂಡಿನ ಬಳಿ ಮಾತ್ರ ಇದನ್ನು ಮಾಡಲೇಬೇಡಿ. ತಾಯಿ ಹಕ್ಕಿ ಮೊಟ್ಟೆ ಬಿಟ್ಟು ಎದ್ದುಹೋಗುವಷ್ಟು ಹತ್ತಿರ ಹೋಗಿ ತೆಗೆದ ಚಿತ್ರ ಎಷ್ಟು ಚೆನ್ನಾಗಿದ್ದರೂ ಬೇಡ.

ಆಯ್ಕೆಯ ವಿಷಯಕ್ಕೆ ಬಂದರೆ, ಸಣ್ಣ ಹಕ್ಕಿಗಳೇ ನಿಮ್ಮ ಮುಖ್ಯ ಆಸಕ್ತಿಯಾಗಿದ್ದರೆ 600 ಮುಟ್ಟುವ ಜೂಮ್ ತೆಗೆದುಕೊಳ್ಳಿ. ಪ್ರಾಣಿಗಳೂ ಬೇಕೆಂದರೆ 100–400 ನಮ್ಮ ಶಿಫಾರಸು. ಕಾರಣ ಅದೇ ಲೆಕ್ಕದಲ್ಲಿದೆ. 3 ಮೀಟರ್ ಎತ್ತರದ ಆನೆ 30 ಮೀಟರ್ ದೂರದಲ್ಲಿದ್ದರೆ 150ರಲ್ಲೇ ಅದರ ಬಿಂಬ 15 ಮಿ.ಮೀ. ಎತ್ತರ. ಸೆನ್ಸರಿನ ಎತ್ತರವೂ ಅಷ್ಟೇ. ಆನೆಯ ಬೆನ್ನು ಮೇಲಂಚಿಗೆ, ಕಾಲು ಕೆಳಂಚಿಗೆ ತಾಗುತ್ತವೆ. 100ರಲ್ಲಿ ಬಿಂಬ 10 ಮಿ.ಮೀ. ಆಗಿ ಸುತ್ತಲಿನ ಕಾಡಿಗೂ ಜಾಗ ಉಳಿಯುತ್ತದೆ.

ತೂಕವನ್ನೂ ಮರೆಯಬೇಡಿ. ಸಿಗ್ಮಾ 150–600 ಕಂಟೆಂಪೊರರಿ ಸುಮಾರು 1.9 ಕೆ.ಜಿ., ಟ್ಯಾಮ್ರಾನ್ 150–600 ಜಿ2 ಸುಮಾರು 2 ಕೆ.ಜಿ., ಸೋನಿ 200–600 ಸುಮಾರು 2.1 ಕೆ.ಜಿ. ಕ್ಯಾನನ್ ಆರ್‌ಎಫ್ 100–400 ಎಫ್/5.6–8 ಮುಕ್ಕಾಲು ಕೆ.ಜಿ.ಯೂ ಇಲ್ಲ. ಬೆಳಕು ಕಡಿಮೆಯಾದಾಗ ಈ ಎಫ್/8 (ಎಫ್ ಸಂಖ್ಯೆ ದೊಡ್ಡದಾದಷ್ಟೂ ಲೆನ್ಸ್ ಒಳಗೆ ಬಿಡುವ ಬೆಳಕು ಕಡಿಮೆ) ಕಷ್ಟ ಕೊಡುತ್ತದೆ, ನಿಜ. ಆದರೆ ಕೈಯಲ್ಲಿರುವ ಹಗುರ ಲೆನ್ಸ್ ಮನೆಯ ಕಪಾಟಿನಲ್ಲಿರುವ ಭಾರದ ಲೆನ್ಸಿಗಿಂತ ಹೆಚ್ಚು ಹಕ್ಕಿಗಳನ್ನು ಹಿಡಿಯುತ್ತದೆ.

ಪ್ರಶ್ನೆ: 150–600 ಕೊಂಡಿದ್ದೇನೆ. 600ಕ್ಕೆ ಹೋದರೆ ಹತ್ತರಲ್ಲಿ ಎಂಟು ಚಿತ್ರ ಮಸುಕು. ಲೆನ್ಸೇ ಕೆಟ್ಟದ್ದಿರಬಹುದೇ?

ಉತ್ತರ: ಇರಬಹುದು, ಆದರೆ ಅದು ಕೊನೆಯ ಅನುಮಾನವಾಗಲಿ. ಮಸುಕಿನಲ್ಲಿ ನಾಲ್ಕು ಬಗೆ ಇದೆ. ಕಂಪ್ಯೂಟರಿನಲ್ಲಿ ಚಿತ್ರವನ್ನು 100 ಪರ್ಸೆಂಟಿಗೆ ಹಿಗ್ಗಿಸಿದರೆ ನಿಮ್ಮದು ಯಾವುದೆಂದು ಗೊತ್ತಾಗುತ್ತದೆ.

ಹಕ್ಕಿ, ಕೊಂಬೆ, ಎಲೆ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತೆ ಕಂಡರೆ ಅಲುಗಿದ್ದು ನಿಮ್ಮ ಕೈ. ಫೋಕಲ್ ಲೆಂತನ್ನು ಕ್ರಾಪ್ ಫ್ಯಾಕ್ಟರಿನಿಂದ (ದೊಡ್ಡದಾದ ಫುಲ್ ಫ್ರೇಮ್ ಸೆನ್ಸರ್ ನಿಮ್ಮದಕ್ಕಿಂತ ಎಷ್ಟು ಪಟ್ಟು ಅಗಲ ಎಂಬ ಸಂಖ್ಯೆ) ಗುಣಿಸಿ: 600 × 1.5 = 900. ಸ್ಟೆಬಿಲೈಸರ್ ಇಲ್ಲದೆ ಕೈಯಲ್ಲಿ ಹಿಡಿದಾಗ ಶಟರ್ 1/1000 ಸೆಕೆಂಡಿಗಿಂತ ನಿಧಾನ ಇರಬಾರದು. ಕೊಂಬೆ ಚೂಪಾಗಿದ್ದು ಹಕ್ಕಿಯ ತಲೆ ಮಾತ್ರ ಮಸುಕಾಗಿದ್ದರೆ ಅಲುಗಿದ್ದು ಹಕ್ಕಿ. ಇದಕ್ಕೆ ಸ್ಟೆಬಿಲೈಸರ್ ಏನೂ ಮಾಡಲಾರದು, ಅದು ಸರಿಪಡಿಸುವುದು ಕೈನಡುಕವನ್ನು ಮಾತ್ರ. ಕೂತ ಹಕ್ಕಿಗೂ 1/500 ಇರಲಿ, ಹಾರುವ ಹಕ್ಕಿಗೆ 1/2000ದಿಂದ ಶುರುಮಾಡಿ. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) ಏರಿದರೆ ಏರಲಿ. ಅದರಿಂದ ಬರುವ ಕಾಳುಕಾಳಾದ ನಾಯ್ಸನ್ನು ಆಮೇಲೆ ತಗ್ಗಿಸಬಹುದು, ಅಲುಗಿದ ಚಿತ್ರಕ್ಕೆ ಮದ್ದಿಲ್ಲ.

ಮೂರನೆಯದು ಫೋಕಸ್. 10 ಮೀಟರ್ ದೂರದಲ್ಲಿ, 600 ಎಂಎಂ, ಎಫ್/6.3ರಲ್ಲಿ ನಿಮ್ಮ ಸೆನ್ಸರಿನ ಮೇಲೆ ಚೂಪಾಗಿ ಬರುವ ಆಳ ಸುಮಾರು 7 ಸೆಂ.ಮೀ. ರೆಕ್ಕೆಗೆ ಫೋಕಸ್ ಬಿದ್ದರೆ ಕಣ್ಣು ತಪ್ಪಿಹೋಗಬಹುದು. ಒಂದೇ ಫೋಕಸ್ ಪಾಯಿಂಟ್ ಆರಿಸಿ ಕಣ್ಣಿನ ಮೇಲಿಡಿ. ನಾಲ್ಕನೆಯದು ಬಿಸಿಗಾಳಿ. ಮಧ್ಯಾಹ್ನ ಬಯಲಿನಲ್ಲಿ 60–70 ಮೀಟರ್ ಆಚೆಯ ಹಕ್ಕಿಯ ಅಂಚುಗಳು ನೀರಿನಲ್ಲಿ ಕಂಡಂತೆ ಅಲೆಯಾಡುತ್ತವೆ, ಒಂದು ಚಿತ್ರದಂತೆ ಇನ್ನೊಂದಿರುವುದಿಲ್ಲ. ಎಂಥ ಲೆನ್ಸ್ ತಂದರೂ ಇದು ಹೋಗದು. ಬೆಳಗ್ಗೆ ಬೇಗ ಹೋಗಿ, ಇಲ್ಲವೇ ಹತ್ತಿರದ ಹಕ್ಕಿಯನ್ನು ನೋಡಿ.

ಇಷ್ಟಾದ ಮೇಲೂ ಅನುಮಾನ ಉಳಿದರೆ ಲೆನ್ಸನ್ನು ಪರೀಕ್ಷಿಸಿ. ಮುಂದೆ ಯುವಿ ಫಿಲ್ಟರ್ ಹಾಕಿದ್ದರೆ ಮೊದಲು ಬಿಚ್ಚಿ. ಉದ್ದ ಲೆನ್ಸಿನ ಚೂಪನ್ನು ಕಳಪೆ ಫಿಲ್ಟರ್ ಕೆಡಿಸಬಲ್ಲದು, ಧೂಳು, ತರಚಿನಿಂದ ಕಾಪಾಡಲು ಲೆನ್ಸಿನ ಮುಂದೆ ಹಾಕುವ ಹುಡ್ ಸಾಕು. ಕ್ಯಾಮೆರಾವನ್ನು ಗಟ್ಟಿ ಟ್ರೈಪಾಡಿನ ಮೇಲಿಟ್ಟು ಸ್ಟೆಬಿಲೈಸರ್ ಆಫ್ ಮಾಡಿ, 2 ಸೆಕೆಂಡ್ ಟೈಮರ್ ಹಾಕಿ. 25 ಮೀಟರ್ ದೂರದಲ್ಲಿ ದಪ್ಪ ಅಕ್ಷರದ ಮುದ್ರಿತ ಹಾಳೆಯನ್ನು ನೆಟ್ಟಗೆ ಅಂಟಿಸಿ. ವ್ಯೂಫೈಂಡರಿನಲ್ಲಿ ಫೋಕಸ್ ಮಾಡಿ ಐದು ಚಿತ್ರ, ಲೈವ್ ವ್ಯೂನಲ್ಲಿ (ಹಿಂದಿನ ಪರದೆ ನೋಡಿ) ಐದು ಚಿತ್ರ ತೆಗೆಯಿರಿ. ಪ್ರತಿ ಸಲವೂ ಫೋಕಸನ್ನು ಕೆಡಿಸಿ ಹೊಸದಾಗಿ ಹಿಡಿಯಬೇಕು. ಡಿಎಸ್‌ಎಲ್‌ಆರ್‌ನಲ್ಲಿ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಲೈವ್ ವ್ಯೂ ಚಿತ್ರಗಳು ಮಾತ್ರ ಚೂಪಾಗಿದ್ದರೆ ಲೆನ್ಸೂ ಬಾಡಿಯೂ ಹೊಂದಿಕೊಂಡಿಲ್ಲ ಎಂದರ್ಥ. ಕ್ಯಾಮೆರಾದಲ್ಲಿ ಎಎಫ್ ಫೈನ್ ಟ್ಯೂನ್ (ಫೋಕಸನ್ನು ತುಸು ಹಿಂದೆ ಮುಂದೆ ಸರಿಸುವ ಸೆಟ್ಟಿಂಗ್) ಇದ್ದರೆ ಅಲ್ಲೇ ಸರಿಹೋಗುತ್ತದೆ. ಎರಡೂ ಬಗೆ ಮಸುಕಾಗಿದ್ದು ಎಫ್/8ಕ್ಕೆ ಇಳಿಸಿದಾಗ ಚೂಪಾದರೆ ಅದು ಆ ಲೆನ್ಸಿನ ಸ್ವಭಾವ, ಎಫ್/8ರಲ್ಲೇ ಬಳಸಿ. ಎಫ್/8ರಲ್ಲೂ ಮಸುಕಾದರೆ ಸರ್ವೀಸಿಗೆ ಒಯ್ಯಿರಿ.

ಪ್ರಶ್ನೆ: 70–300 ಎಫ್/4.5–5.6 ಲೆನ್ಸಿಗೆ 2 ಎಕ್ಸ್ ಟೆಲಿಕನ್ವರ್ಟರ್ (ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಕೂತು ಫೋಕಲ್ ಲೆಂತ್ ಹೆಚ್ಚಿಸುವ ಸಾಧನ) ಹಾಕಿ 600 ಮಾಡಿಕೊಳ್ಳಬಹುದೇ?

ಉತ್ತರ: ಬೇಡ. 2 ಎಕ್ಸ್ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ (ಒಂದು ಸ್ಟಾಪ್ ಕಳೆದರೆ ಬೆಳಕು ಅರ್ಧ), ನಿಮ್ಮ ಎಫ್/5.6 ಎಫ್/11 ಆಗುತ್ತದೆ. ಡಿಎಸ್‌ಎಲ್‌ಆರ್‌ಗಳ ಆಟೊಫೋಕಸ್ ಸಾಮಾನ್ಯವಾಗಿ ಎಫ್/5.6ರವರೆಗೆ, ಕೆಲವು ಬಾಡಿಗಳಲ್ಲಿ ಎಫ್/8ರವರೆಗೆ ಕೆಲಸ ಮಾಡುವಂಥದ್ದು. ಹಲವು ಲೆನ್ಸ್‌ಗಳ ಹಿಂದಿನ ಗಾಜು ಕನ್ವರ್ಟರಿಗೆ ತಗುಲುವ ಅಪಾಯವೂ ಇದೆ. ಕನ್ವರ್ಟರ್ ಒಗ್ಗುವುದು 300 ಎಫ್/4, 70–200 ಎಫ್/2.8ರಂಥ ಲೆನ್ಸಿಗೆ, ಅದೂ 1.4 ಎಕ್ಸ್. ಇದು ಒಂದೇ ಸ್ಟಾಪ್ ಕಳೆದು 300 ಎಫ್/4 ಅನ್ನು 420 ಎಫ್/5.6 ಮಾಡುತ್ತದೆ.

ಪ್ರಶ್ನೆ: ಒಂದೇ ಲೆನ್ಸಿನ ಕ್ಯಾಮೆರಾದಲ್ಲಿ 3000 ಎಂಎಂ ಸಿಗುತ್ತದಂತೆ. ಹಾಗಾದರೆ 600ರ ಲೆನ್ಸ್ ಏಕೆ?

ಉತ್ತರ: ನಿಕಾನ್ ಪಿ1000 ಬಗ್ಗೆ ಕೇಳುತ್ತಿದ್ದೀರಿ ಅನ್ನಿಸುತ್ತದೆ. ಅದರ ಲೆನ್ಸಿನ ನಿಜವಾದ ಗರಿಷ್ಠ ಫೋಕಲ್ ಲೆಂತ್ 539 ಎಂಎಂ. ಸೆನ್ಸರಿನ ಅಗಲ 6 ಮಿ.ಮೀ. ಚಿಲ್ಲರೆ. ಅಷ್ಟು ಚಿಕ್ಕ ಕಿಟಕಿಯಲ್ಲಿ ನೋಡುವುದರಿಂದ ಫುಲ್ ಫ್ರೇಮಿನ 3000ಕ್ಕೆ ಸಮನಾದ ನೋಟ ಸಿಗುತ್ತದೆ. 10 ಮೀಟರಿನ ಗುಬ್ಬಿ ಫ್ರೇಮಿನಲ್ಲಿ ಹಿಡಿಸದಷ್ಟು ದೊಡ್ಡದಾಗುತ್ತದೆ. ಆದರೆ ಎಪಿಎಸ್-ಸಿ ಸೆನ್ಸರಿನ ವಿಸ್ತೀರ್ಣ ಇದರ ಹತ್ತು ಪಟ್ಟಿಗೂ ಹೆಚ್ಚು, ಗರಿಷ್ಠ ಜೂಮಿನಲ್ಲಿ ಅಪರ್ಚರ್ ಎಫ್/8. ಮೋಡ ಕವಿದರೆ ಗರಿಗಳ ವಿವರ ನಾಯ್ಸಿನಲ್ಲಿ ಕಲಸಿಹೋಗುತ್ತದೆ, ಹಾರುವ ಹಕ್ಕಿಯನ್ನು ಫೋಕಸ್ ಹಿಡಿಯುವುದು ಕಷ್ಟ. ಒಳ್ಳೆಯ ಬಿಸಿಲಿನಲ್ಲಿ ಕೂತ ಹಕ್ಕಿಯನ್ನು ಗುರುತಿಸಲು, ದಾಖಲಿಸಲು ಮಾತ್ರ ಇದು ನಿಜಕ್ಕೂ ಉಪಯುಕ್ತ ಕ್ಯಾಮೆರಾ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಟೆಲಿ ಲೆನ್ಸ್ ಕೊಳ್ಳುವಾಗ ಏನು ನೋಡಬೇಕು?

ಉತ್ತರ: ಒಂದು ಟಾರ್ಚ್ ಒಯ್ಯಿರಿ. ಹಿಂದಿನಿಂದ ಬೆಳಕು ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ನಾಲ್ಕಾರು ಧೂಳಿನ ಕಣ ಇದ್ದರೆ ಚಿಂತೆ ಇಲ್ಲ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್, ಮಾತು ಮುಂದುವರಿಸಬೇಡಿ. ಮುಂದಿನ ಗಾಜಿನ ಸಣ್ಣ ಗೀರಿಗಿಂತ ಹಿಂದಿನ ಗಾಜಿನ ಗೀರು ಹೆಚ್ಚು ಹಾನಿ. ಅಪರ್ಚರಿನ ಎಸಳುಗಳ ಮೇಲೆ ಎಣ್ಣೆಯ ಹೊಳಪು ಇರಬಾರದು. ಗರಿಷ್ಠ ಜೂಮಿನಲ್ಲಿ ಶಟರ್ ಬಟನ್ ಅರ್ಧ ಒತ್ತಿ: ಸ್ಟೆಬಿಲೈಸರ್ ಸರಿಯಿದ್ದರೆ ನೋಟ ಕ್ಷಣದಲ್ಲಿ ನಿಲ್ಲುತ್ತದೆ, ಎಗರುತ್ತಿದ್ದರೆ ಕೆಟ್ಟಿದೆ. ಇಟ್ಟಿಗೆ ಗೋಡೆಗೆ ನೇರ ಎದುರಾಗಿ, ಅಪರ್ಚರ್ ಪೂರ್ತಿ ತೆರೆದು ಒಂದು ಚಿತ್ರ ತೆಗೆದು ನಾಲ್ಕು ಮೂಲೆ ಹೋಲಿಸಿ. ಮೂರು ಸರಿಯಿದ್ದು ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಆ ಲೆನ್ಸ್ ಎಲ್ಲೋ ಬಿದ್ದು ಒಳಗಿನ ಗಾಜು ಸರಿದಿರುವ ಸಾಧ್ಯತೆ ಹೆಚ್ಚು.

ನಿಕಾನ್ ಬಳಸುವವರು ಇನ್ನೊಂದನ್ನು ನೋಡಬೇಕು. ಹಳೆಯ 80–400 ವಿಆರ್ ಡಿ ಲೆನ್ಸಿನಲ್ಲಿ ಫೋಕಸ್ ಮೋಟಾರ್ ಇಲ್ಲ, ಬಾಡಿಯ ಮೋಟಾರೇ ಅದನ್ನು ತಿರುಗಿಸಬೇಕು. ಡಿ3000, ಡಿ5000 ಸರಣಿಯ ಬಾಡಿಗಳಲ್ಲಿ ಆ ಮೋಟಾರ್ ಇಲ್ಲ. ನಿಕಾನಿನ ಎಫ್‌ಟಿಜೆಡ್ ಅಡಾಪ್ಟರಿನಲ್ಲೂ (ಹಳೆಯ ಲೆನ್ಸನ್ನು ಕನ್ನಡಿಯಿಲ್ಲದ ಹೊಸ ಬಾಡಿಗೆ ಕೂರಿಸುವ ಸಾಧನ) ಇಲ್ಲ. ಅಲ್ಲೆಲ್ಲ ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ. ಅಂಥ ಬಾಡಿ ಇದ್ದರೆ ಎಎಫ್-ಎಸ್ ಎಂದು ಬರೆದಿರುವ ಲೆನ್ಸನ್ನೇ ಹುಡುಕಿ.