ಕೊಡಗಿನ ಮಳೆಗಾಲದಲ್ಲಿ ಎರಡು ಸರ್ವಿಸ್ ನಡುವೆ ಕಾರಿನಲ್ಲಿ ನಾವೇ ಏನೇನು ನೋಡಿಕೊಳ್ಳಬೇಕು?
ಮೊದಲು ಟೈರ್. ಅದರ ಮೇಲಿನ ಗೀರುಗಳ (ಟ್ರೆಡ್) ಆಳ 1.6 ಮಿಲಿಮೀಟರ್‌ಗೆ ಇಳಿದರೆ ಕಾನೂನು ಪ್ರಕಾರವೇ ಟೈರ್ ಮುಗಿದ ಹಾಗೆ, ಆದರೆ ಸಂಪಾಜೆ ಘಾಟಿಯ ಒದ್ದೆ ತಿರುವುಗಳಲ್ಲಿ ಓಡಾಡುವವರು ಅಲ್ಲಿವರೆಗೂ ಕಾಯಬೇಡಿ, 3 ಮಿಲಿಮೀಟರ್ ಆದಾಗಲೇ ಬದಲಿಸಿ. ಗಾಳಿಯನ್ನು ಟೈರ್ ತಣ್ಣಗಿರುವಾಗಲೇ ಚೆಕ್ ಮಾಡಿ. ಬ್ರೇಕ್ ಆಯಿಲ್ ಮಟ್ಟ ಇಳಿಯುತ್ತಿದ್ದರೆ ಸುಮ್ನೆ ತುಂಬಿಸಿ ಬಿಡಬೇಡಿ, ಪ್ಯಾಡ್ ಸವೆದಿರಬಹುದು ಇಲ್ಲವೇ ಎಲ್ಲೋ ಸೋರುತ್ತಿರಬಹುದು, ಮೆಕ್ಯಾನಿಕ್‌ಗೆ ತೋರಿಸಿ. ಎಂಜಿನ್ ಬಿಸಿ ಇರುವಾಗ ಕೂಲೆಂಟ್ ಮುಚ್ಚಳ ತೆಗೆಯಲೇಬೇಡಿ.

ಕಾಫಿ ತೋಟದ ಮರದಡಿ ಕಾರು ನಿಲ್ಲಿಸುತ್ತೀರಾ? ವೈಪರ್ ಕೆಳಗೆ ಸೇರುವ ಎಲೆಗಳನ್ನು ಆಗಾಗ ತೆಗೆಯಿರಿ, ನೀರು ಹೋಗುವ ತೂತು ಕಟ್ಟಿಕೊಂಡರೆ ಆ ನೀರು ಕಾರಿನೊಳಗೇ ಇಳಿಯಬಹುದು ಅಲ್ವಾ. ಬಾನೆಟ್ ಎತ್ತಿದಾಗ ಇಲಿ ವೈರ್ ಕಡಿದಿದೆಯಾ ಅಂತಲೂ ನೋಡಿ.